ಮೂವತ್ತೊಂದನೇ ಪಾಳಿ

ಚೀಟಿ ಬಂದಾಗ ನಾನೂ ಹಾಲಮ್ಮನೂ ಭಟ್ಟಿಯ ಮುಂದಿದ್ದೆವು. ಮರಳು ಕಾದು ಹದಕ್ಕೆ ಬಂದಿತ್ತು. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ನಾನು ಬಾಣಲೆಗೆ ಸುರಿಯುವುದು, ಅವಳು ಎರಡು ಸಲ ಕೈಯಾಡಿಸಿ ಜರಡಿಗೆ ಎತ್ತುವುದು. ಆ ಹೊತ್ತಿನಲ್ಲಿ ಯಾರು ಬಂದು ನಿಂತರೂ ನಾವು ತಿರುಗಿ ನೋಡುವವರಲ್ಲ. ಒಂದು ಗಳಿಗೆ ತಡವಾದರೆ ಮಂಡಕ್ಕಿ ಕೆಂಪಗಾಗಿ ಹೋಗುತ್ತದೆ. ಚಾವಡಿಯ ಆಳು ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಆಮೇಲೆ, "ಗಾಣದ ಬೀದಿ ಸಾವಂತ್ರಮ್ಮ ನೀವೇ ಅಲ್ವಾ? ಈ ವರ್ಷದ ಆಟ ನಿಮ್ಮದು," ಅಂದ.

ಹಾಲಮ್ಮನ ಜರಡಿ ಅಲ್ಲಿಗೇ ನಿಂತಿತು. "ಇವಳದಾ? ಇವಳಿಗೆ ಚೌಕಾಬಾರ ಆಡೋಕೂ ಬರಲ್ಲಪ್ಪಾ. ಕವಡೆ ಹಾಕ್ತಾಳೆ, ಕಾಯಿ ನಡೆಸೋದು ಮರೀತಾಳೆ," ಅಂದಳು. ಆಳು ನಗಲಿಲ್ಲ. ಚೀಟಿ ಕೊಟ್ಟು ಹೋದ. ಆ ಬಾಣಲೆಯ ಮಂಡಕ್ಕಿ ಅಷ್ಟೂ ಸೀದಿತ್ತು.

ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು. ನಾನು ಗಾಣದ ಬೀದಿಯವಳು, ಅವಳು ಹೊಂಡದ ಬೀದಿಯವಳು. ಆರನೇ ವಯಸ್ಸಿನಿಂದ ಜೊತೆ. ನನ್ನ ಗಂಡ ತೀರಿಕೊಂಡ ವರ್ಷವೇ ಅವಳ ಗಂಡ ಇನ್ಯಾರನ್ನೋ ಕಟ್ಟಿಕೊಂಡು ಊರು ಬಿಟ್ಟ. ನಾನು ಅಳುತ್ತ ಕೂತಿದ್ದರೆ ಅವಳು ಬಂದು, "ನಿನ್ನವನು ಬರೋ ಹಾಗಿಲ್ಲ, ನನ್ನವನು ಬಂದ್ರೂ ನಾನು ಸೇರ್ಸಲ್ಲ. ಇಬ್ಬರದ್ದೂ ಒಂದೇ ಲೆಕ್ಕ, ಏಳೇ," ಎಂದು ಎಬ್ಬಿಸಿದಳು. ಭಟ್ಟಿ ಹಾಕಿಸಿದ್ದು ಅವಳೇ. ನನಗೆ ಐವತ್ತೆರಡಾಗುವ ಹೊತ್ತಿಗೆ ಹದಿನೆಂಟು ವರ್ಷ ಆ ಬೆಂಕಿಯ ಮುಂದೆ ಒಟ್ಟಿಗೆ ಬೆವರಿದ್ದೆವು.

ನಮ್ಮ ಊರಿನ ಕೋಟೆಗೆ ನಾನೂರು ವರ್ಷದ ಹಿಂದೆ ಹೊರಗಿನ ದಂಡು ಮುತ್ತಿಗೆ ಹಾಕಿತ್ತು. ಅಷ್ಟು ಮಾತ್ರ ಖಾಯಂ. ಮಿಕ್ಕಿದ್ದು ವರ್ಷವರ್ಷಕ್ಕೂ ಬೇರೆ. ಚಾವಡಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಒಂದು ಗೇಮು ಇತ್ತು. ಚೀಟಿ ಬಂದವರು ಅದರಲ್ಲಿ ಮುತ್ತಿಗೆಯ ಆಟ ಆಡಬೇಕು. ಆಟ ಮುಗಿದ ಮಾರನೇ ಬೆಳಿಗ್ಗೆ ಊರಬಾಗಿಲಿನ ಕಲ್ಲಿನ ಮೇಲೆ ಹಳೆಯ ಅಕ್ಷರ ಹೋಗಿ, ಆಟದಲ್ಲಿ ನಡೆದದ್ದೇ ಕೊರೆದು ನಿಂತಿರುತ್ತಿತ್ತು. ಆಮೇಲೆ ನಾನೂರು ವರ್ಷದ ಹಿಂದೆ ಊರಿನಲ್ಲಿ ನಡೆದದ್ದೂ ಅದೇ ಎಂದಾಗುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಊರಿನ ಚರಿತ್ರೆಯನ್ನು ಪೆನ್ಸಿಲ್ಲಿನಲ್ಲಿ ಬರೆಸುತ್ತಿದ್ದರು. ಕೋಟೆ ಬೀದಿಯ ವೀರನ ಪ್ರತಿಮೆಗೆ ಮುಂಡ ಒಂದೇ, ರುಂಡ ಏಳೆಂಟು. ಆ ವರ್ಷ ಯಾರ ಹೆಸರು ಬಂತೋ ಅವರ ರುಂಡ ಕೂರಿಸಿ ಹೂವಿನ ಹಾರ ಹಾಕುತ್ತಿದ್ದರು. ಇವನ್ನೆಲ್ಲ ನಾವು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವರಲ್ಲ. ಬಸ್ಸಿನ ಟೈಮು ಬದಲಾದರೆ ಜನ ಹೊಂದಿಕೊಳ್ಳುವುದಿಲ್ಲವೆ, ಹಾಗೆ.

ಒಂದು ಮಾತ್ರ ಹಾಗಲ್ಲ. ಯಾವುದಾದರೂ ಬೀದಿ ಆಟದಲ್ಲಿ ಸುಟ್ಟುಹೋದರೆ, ಅಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ ಎಂದು ಕಲ್ಲು ಹೇಳುತ್ತಿತ್ತು. ಯಾರೂ ಉಳಿಯದ ಮೇಲೆ ಈಗ ಅಲ್ಲಿ ಇರುವವರು ಯಾರು? ಎಲ್ಲಿಂದಲೋ ಬಂದವರು. ಹದಿನೈದು ದಿನದಲ್ಲಿ ಊರು ಅವರನ್ನು ಮರೆಯುತ್ತಿತ್ತು, ಅವರೂ ಊರನ್ನು ಮರೆಯುತ್ತಿದ್ದರು. ಆಮೇಲೆ ತಮ್ಮ ಊರು ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಖಾಲಿ ಮನೆಗಳಿಗೆ ಬೇರೆ ಬೀದಿಯ ಎರಡನೇ ಮಗ, ಮೂರನೇ ಮಗ ಬಂದು ಸೇರಿಕೊಳ್ಳುತ್ತಿದ್ದ. ಹಾಗೆ ಯಾರ್ಯಾರು ಹೋದರು ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗೊತ್ತಿಲ್ಲದ ಹೆಸರು ಕೊರೆಸಿದ ಒಂದು ತಂಬಿಗೆಯೋ ತಟ್ಟೆಯೋ ಸಿಕ್ಕರೆ, ಪಾತ್ರೆ ಅಂಗಡಿಯವನು ತಪ್ಪಿ ಕೊಟ್ಟಿರಬೇಕು ಎಂದು ತೊಳೆದು ಇಟ್ಟುಕೊಳ್ಳುತ್ತಿದ್ದೆವು. ನನ್ನ ಮನೆಯಲ್ಲೇ ಅಂಥ ಮೂರು ಪಾತ್ರೆ ಇದ್ದವು.

ಚಾವಡಿಯ ಗೇಮು ನೋಡಿಕೊಳ್ಳುತ್ತಿದ್ದವರು ಮುರಿಗೆಪ್ಪನವರು. ಅರವತ್ತು ದಾಟಿದ ಒಂಟಿ ಮನುಷ್ಯ, ಮಾತು ಕಡಿಮೆ. ಮೊದಲ ದಿನ ಕಬ್ಬಿಣದ ಪೆಟ್ಟಿಗೆಯಿಂದ ಅದನ್ನು ತೆಗೆದು, ಪಂಚೆಯ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದು. ನಡುವೆ ಸ್ಕ್ರೀನು, ಎಡಕ್ಕೆ ನಾಲ್ಕು ದಿಕ್ಕಿನ ಬಟನ್ನು, ಬಲಕ್ಕೆ ಎರಡು. ಎಷ್ಟು ಹೆಬ್ಬೆರಳು ಸವರಿದ್ದವೋ, ಬಟನ್ನುಗಳ ಮೇಲಿನ ಗುರುತು ಅಳಿಸಿಹೋಗಿತ್ತು. "ದಿನಕ್ಕೊಂದು ಪಾಳಿ, ಬೆಳಿಗ್ಗೆ ಹತ್ತಕ್ಕೆ. ಒಟ್ಟು ನಲವತ್ತು. ನಿನ್ನ ದಂಡಿನವರನ್ನ ಒಬ್ಬೊಬ್ಬರನ್ನೂ ಒಂದೊಂದು ಸಲ ನಡೆಸಬಹುದು. ನೀನು ಮುಗಿಸಿದ ಮೇಲೆ ಗೇಮಿನೊಳಗಿನ ಎದುರಿನವನು ನಡೆಸ್ತಾನೆ. ಇಟ್ಟ ಹೆಜ್ಜೆ ವಾಪಸ್ಸು ತೆಗೆಯೋಕಾಗಲ್ಲ. ನಲವತ್ತು ಪಾಳಿ ಕೋಟೆ ನಿಂತರೆ ಗೆದ್ದ ಹಾಗೆ. ಇಲ್ಲ, ಅವರ ಸರದಾರನ ಧ್ವಜ ಕಿತ್ತರೂ ಗೆದ್ದ ಹಾಗೆ," ಅಂದರು.

"ನಾನು ಆಡಲ್ಲ ಅಂದ್ರೆ?"

"ನೀನು ಬಿಟ್ಟರೂ ಅವನು ಬಿಡಲ್ಲಮ್ಮ. ಅವನ ಪಾಳಿ ಅವನು ಆಡ್ತಾನೆ."

ಜೊತೆಗೆ ಒಬ್ಬರು ಕೂರಬಹುದಿತ್ತು. ಮಾತಾಡಬಹುದು, ಮುಟ್ಟುವಂತಿಲ್ಲ. ಹಾಲಮ್ಮ ಕೂತಳು. ಮುರಿಗೆಪ್ಪನವರಿಗೆಂದು ಅವಳು ದಿನವೂ ಸೆರಗಿನಲ್ಲಿ ಬಿಸಿ ಮಂಡಕ್ಕಿ ಕಟ್ಟಿಕೊಂಡು ಬರುತ್ತಿದ್ದಳು. "ತಿನ್ನಿ ಮುರಿಗೆಪ್ಪಣ್ಣಾ, ಹಲ್ಲಿಲ್ಲದವರಿಗೆ ಇದೇ ಹೋಳಿಗೆ," ಎಂದು ರೇಗಿಸುವುದು, ಅವರು ನಗು ನುಂಗಿಕೊಂಡು ಕಿಟಕಿಯ ಕಡೆ ತಿರುಗುವುದು ರೂಢಿಯಾಯಿತು.

ಮೊದಲ ಹತ್ತು ದಿನ ನಾನು ಆಡಿದ್ದು ಆಟವೇ ಅಲ್ಲ. ಸ್ಕ್ರೀನಿನಲ್ಲಿ ಊರು ಚೌಕ ಚೌಕವಾಗಿ ಕಾಣುತ್ತಿತ್ತು. ಐದು ಬೀದಿ, ಕಣಜ, ಮೂರು ದೊಡ್ಡ ಬಾಗಿಲು, ಹೊಂಡದ ಬೀದಿಯ ಹಿಂದೆ ಒಂದು ದಿಡ್ಡಿ ಬಾಗಿಲು. ಈಟಿ ಹಿಡಿದವರು, ಬಂದೂಕಿನವರು, ಹದಿನಾರು ಕುದುರೆ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ನಾನು ಎಲ್ಲರನ್ನೂ ದೊಡ್ಡ ಬಾಗಿಲಿಗೆ ತಂದು ಗುಡ್ಡೆ ಹಾಕಿದೆ. ಐದನೇ ಪಾಳಿಗೆ ಉತ್ತರದ ಗೋಡೆ ಒಡೆಯಿತು. ಹೊರಗೆ ಕಟ್ಟೆಯ ಮೇಲೆ ಕೂತು ಸುದ್ದಿಗೆ ಕಾಯುತ್ತಿದ್ದ ಜನ ನನ್ನ ಮುಖ ನೋಡಿ ಎದ್ದು ಹೋಗುತ್ತಿದ್ದರು. ಅಂಗಡಿಯಲ್ಲಿ ಮಾತಾಡಿಸುವುದನ್ನೂ ಬಿಟ್ಟರು.

ದಾರಿಗೆ ತಂದವಳು ಹಾಲಮ್ಮ. ಅವಳು ಹತ್ತು ದಿನ ಸುಮ್ಮನೆ ಎದುರಿನವನ ನಡೆ ನೋಡುತ್ತ ಕೂತಿದ್ದಳು. ಹನ್ನೊಂದನೇ ದಿನ, "ಇವನಿಗೂ ಒಂದು ಹದ ಇದೆ ಕಣೇ. ಮೂರು ಪಾಳಿ ಮುಂದೆ ಬರ್ತಾನೆ, ನಾಲ್ಕನೇದಕ್ಕೆ ದವಸಕ್ಕೆ ಅಂತ ಹಿಂದೆ ಸರೀತಾನೆ. ಆ ನಾಲ್ಕನೇದರಲ್ಲಿ ನೀನು ಗೋಡೆ ಕಟ್ಟಿಸು. ಮುಂದಕ್ಕೆ ಹೋಗ್ಬೇಡ. ನಮಗೆ ಗೆಲ್ಲೋದು ಬೇಡ, ನಿಂತ್ಕೊಳ್ಳೋದು ಸಾಕು," ಅಂದಳು. ನಾನು ಹಾಗೇ ಮಾಡಿದೆ. ಗೋಡೆ ಎದ್ದಿತು. ಈಟಿಯವರನ್ನು ಬೀದಿಗೊಂದು ಗುಂಪಾಗಿ ಹಂಚಿದೆವು. ಗಾಣದ ಬೀದಿಯ ಈಟಿಯವರು ಎಲ್ಲರಿಗಿಂತ ಗಟ್ಟಿ. ಅವರನ್ನು ಹೊಂಡದ ಬೀದಿಯ ದಿಡ್ಡಿ ಬಾಗಿಲಿಗೆ ನಿಲ್ಲಿಸಿದೆವು. "ನಿಮ್ಮ ಬೀದಿಯವರು ನಮ್ಮ ಬೀದಿ ಕಾಯ್ತಿದ್ದಾರೆ ನೋಡು. ಇವತ್ತು ಸಾಯಂಕಾಲದ ಪಾತ್ರೆ ನಾನೇ ಬೆಳಗ್ತೀನಿ, ಹೋಗು," ಅಂದಳು ಹಾಲಮ್ಮ.

ಇಪ್ಪತ್ತನೇ ಪಾಳಿ ದಾಟಿತು, ಇಪ್ಪತ್ತೈದು ದಾಟಿತು. ಒಂದು ಬೀದಿಯೂ ಕೆಡದೆ ಇಪ್ಪತ್ತೈದು ದಾಟಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಮುಖ ತಿರುಗಿಸಿದ್ದ ಜನವೇ ಈಗ ನಾನು ಚಾವಡಿಯಿಂದ ಹೊರಬಂದರೆ ಎದ್ದು ನಿಂತರು. ಯಾರೋ ಗಟ್ಟಿ ಮೊಸರು ತಂದುಕೊಟ್ಟರು, ಯಾರೋ ಸೇವಂತಿಗೆ ಹಾರ ಹಾಕಿದರು. ನಮ್ಮ ಬೀದಿಯ ಹಿರಿಯ ಶಂಕ್ರಪ್ಪನವರು, ನನ್ನ ಗಂಡ ಇದ್ದಾಗಲೂ ಒಂದು ದಿನ ನಮ್ಮ ಹೊಸಲು ತುಳಿಯದವರು, ಮನೆಗೆ ಬಂದು ಚಾಪೆಯ ಮೇಲೆ ಕೂತರು. "ನಾನೂರು ವರ್ಷದಲ್ಲಿ ಗಾಣದ ಬೀದಿ ಹೆಸರು ಕಲ್ಲಿನ ಮೇಲೆ ಮೊದಲ ಸಾಲಿನಲ್ಲಿ ಬಂದಿಲ್ಲ ತಾಯಿ. ಸುಮ್ನೆ ನಿಂತು ಉಳಿದರೆ ಆ ಸಾಲಿಗೆ ಯಾರ ಹೆಸರೂ ಬರಲ್ಲ. ಧ್ವಜ ಕಿತ್ತರೆ ಕಿತ್ತವರ ಹೆಸರು ಬರುತ್ತೆ. ನಿನ್ನ ಕೈಯಲ್ಲಿದೆ," ಅಂದರು.

ನಿಜ ಹೇಳುತ್ತೇನೆ. ನಾನು ಹುಟ್ಟಿದಾರಭ್ಯ ಯಾವುದರಲ್ಲೂ ಗೆದ್ದವಳಲ್ಲ. ಶಾಲೆ ನಾಲ್ಕನೇ ಇಯತ್ತೆಗೆ ಬಿಡಿಸಿದರು. ಗಂಡ ಇರುವಾಗ ಗಂಡನ ಮಾತು, ಆಮೇಲೆ ಹಾಲಮ್ಮನ ಮಾತು. ಭಟ್ಟಿಯ ಮಂಡಕ್ಕಿಗೂ ಜನ 'ಹಾಲಮ್ಮನ ಮಂಡಕ್ಕಿ' ಎಂದೇ ಅನ್ನುತ್ತಿದ್ದರು. ಆ ಕೆಲವು ದಿನ ಬೀದಿಯಲ್ಲಿ ನಡೆದರೆ 'ಸಾವಂತ್ರಮ್ಮ, ಸಾವಂತ್ರಮ್ಮ' ಎಂದು ಜನ ಕರೆದದ್ದು ನನಗೆ ಹಿಡಿಸಿತು. ಹಿಡಿಸಿತು ಅನ್ನುವುದೂ ಕಡಿಮೆಯೇ.

ಮೂವತ್ತೊಂದನೇ ದಿನ ಚಾವಡಿಗೆ ಹೋಗಿ ನೋಡಿದರೆ, ಸರದಾರನ ಡೇರೆ ಹಿಂದಿನ ದಿನ ಎದುರಿನವನ ಪಾಳಿಯಲ್ಲಿ ಸರಿದು ದಿಡ್ಡಿ ಬಾಗಿಲಿನಿಂದ ಮೂರೇ ಚೌಕ ದೂರಕ್ಕೆ ಬಂದು ನಿಂತಿತ್ತು. ಡೇರೆಯ ಸುತ್ತ ಕಾವಲೇ ಇಲ್ಲ. ಈಟಿಯವರು ಒಂದು ಪಾಳಿಯಲ್ಲಿ ಮೂರು ಚೌಕ ನಡೆಯಬಲ್ಲರು.

ಹಾಲಮ್ಮ ನನಗಿಂತ ಮೊದಲೇ ಅದನ್ನು ನೋಡಿದ್ದಳು. "ಬೇಡ. ಬಲಗಡೆ ಮರಗಳ ಹಿಂದೆ ನೋಡು, ಅವನ ಕುದುರೆ ನಿಂತಿವೆ. ನೀನು ಧ್ವಜಕ್ಕೆ ಕೈ ಹಾಕಿದರೂ ಅವನ ಪಾಳಿ ಒಂದು ಬಾಕಿ ಇರುತ್ತೆ. ದಿಡ್ಡಿ ತೆರೆದು ಬಿಟ್ಟಿರ್ತೀಯ," ಅಂದಳು.

"ಧ್ವಜ ಹೋದ ಮೇಲೆ ಅವನು ಏನು ಮಾಡ್ತಾನೆ? ಓಡ್ತಾನೆ."

"ಓಡೋನು ಯಾವ ದಾರೀಲಿ ಓಡ್ತಾನೆ ಅಂತ ನಿನಗೆ ಗೊತ್ತಾ? ಸಾವಂತ್ರಿ, ಇನ್ನು ಒಂಬತ್ತೇ ದಿನ. ಒಂಬತ್ತು ದಿನ ನಿಂತರೆ ಐದು ಬೀದೀನೂ ಉಳೀತಾವೆ. ನೀನು ಇದನ್ನ ಬಿಟ್ಟು ಬೇರೆ ಏನೂ ಮಾಡ್ಬೇಕಾಗಿಲ್ಲ."

ಹೊರಗೆ ಕಟ್ಟೆಯ ಮೇಲೆ ಜನ ಸೇರಿದ್ದರು. ಶಂಕ್ರಪ್ಪನವರ ಗಂಟಲು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಹಾಲಮ್ಮ ಮತ್ತೆ, "ನಾನು ಹೇಳಿದ್ದು ಕೇಳು," ಅಂದಳು. ಆ ಒಂದು ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾವಾಗಲೂ ನೀನು ಹೇಳಿದ್ದೇ ಕೇಳಬೇಕಾ? ಚೀಟಿ ಬಂದದ್ದು ನನಗೆ. ನಿನ್ನ ಬೀದಿ ಒಂದೇ ಊರಲ್ಲ," ಅಂದೆ. ಅಂದು, ಗಾಣದ ಬೀದಿಯ ಈಟಿಯವರ ಮೇಲೆ ಗುರುತು ತಂದು, ಬಟನ್ನು ಒತ್ತಿದೆ. ಒಂದು ಚೌಕ, ಎರಡು ಚೌಕ, ಮೂರು. ಧ್ವಜ ನನ್ನವರ ಕೈಗೆ ಬಂತು. ಗೇಮಿನಿಂದ ಕಹಳೆಯಂಥ ಸಣ್ಣ ಸದ್ದು ಬಂತು. ಹೊರಗಿನ ಜನ ಹೋ ಎಂದು ಕೂಗಿದರು.

ಆಮೇಲೆ ಅವನ ಪಾಳಿ. ಮರಗಳ ಹಿಂದಿನ ಕುದುರೆಗಳು ಹೊರಗೆ ಬಂದವು. ಓಡಿಹೋಗುವುದಕ್ಕೆ ಅವಕ್ಕೆ ಬಯಲು ಇತ್ತು. ಆದರೆ ಅವು ತೆರೆದ ದಿಡ್ಡಿ ಬಾಗಿಲಿನೊಳಕ್ಕೆ ನುಗ್ಗಿದವು. ಹೊಂಡದ ಬೀದಿಯ ಚೌಕಗಳು ಒಂದೊಂದಾಗಿ ಕೆಂಪಗಾದವು, ಆಮೇಲೆ ಕಪ್ಪಗಾದವು. ಎಂಟು ಚೌಕ. ಕೊನೆಯದು ಕಪ್ಪಗಾದ ಮೇಲೆ 'ನೀವು ಗೆದ್ದಿದ್ದೀರಿ' ಎಂದು ಅಕ್ಷರ ಮೂಡಿತು.

ಹಾಲಮ್ಮ ಎದ್ದಳು. ಸೆರಗಿನಲ್ಲಿದ್ದ ಮಂಡಕ್ಕಿಯನ್ನು ಮುರಿಗೆಪ್ಪನವರ ಮುಂದೆ ಇಟ್ಟು ಹೊರಗೆ ಹೋದಳು. ಜನ ಬಾಗಿಲು ನೂಕಿಕೊಂಡು ಒಳಗೆ ಬಂದು ನನ್ನನ್ನು ಎತ್ತಿಕೊಂಡರು. ನಾನು ಅವರ ಹೆಗಲ ಮೇಲಿಂದ ಅವಳು ಹೋಗುತ್ತಿದ್ದ ದಾರಿ ನೋಡಿದೆ. ನಡಿಗೆಯಲ್ಲಿ ಅವಸರವೇ ಇರಲಿಲ್ಲ.

ಮಾರನೇ ಬೆಳಿಗ್ಗೆ ಕಲ್ಲಿನ ಮೇಲೆ ಗಾಣದ ಬೀದಿಯ ಹೆಸರು ಮೊದಲ ಸಾಲಿನಲ್ಲಿ ಇತ್ತು. ಹೊಂಡದ ಬೀದಿಯದು ಕೊನೆಯ ಸಾಲು. ಕಲ್ಲಿನ ಮುಂದೆ ಆ ಬೀದಿಯ ನಲವತ್ತು ಮನೆಯವರೂ ನಿಂತಿದ್ದರು. ಕೆಲವರು ಅತ್ತರು, ಇಬ್ಬರು ಗಂಡಸರು ನನ್ನ ಮನೆಯ ಹೆಂಚಿಗೆ ಕಲ್ಲು ಹೊಡೆದರು. ಶಂಕ್ರಪ್ಪನವರ ಕಡೆಯವರು ಅವರನ್ನು ಹಿಡಿದು ಆಚೆ ಕಳಿಸಿ, ಪ್ರತಿಮೆಗೆ ಹೊಸ ರುಂಡ ಕೂರಿಸಲು ಹೋದರು. ಹಾಲಮ್ಮ ಭಟ್ಟಿಗೆ ಬರಲಿಲ್ಲ. ಒಂದು ದಿನ, ಎರಡು ದಿನ. ನಾನೊಬ್ಬಳೇ ಬೆಂಕಿ ಹಾಕಿ, ಆರಿಸಿ, ಮತ್ತೆ ಹಾಕಿ ಕೂತಿದ್ದೆ. ಮೂರನೇ ದಿನ ಅವಳ ಮನೆಗೆ ಹೋದೆ. ಬಾಗಿಲು ಹಾಕಿರಲಿಲ್ಲ. ಒರಳಿನ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಬಂದ್ಯಾ? ಕೂತ್ಕೋ," ಅಂದಳು. "ಇನ್ನು ಹನ್ನೆರಡು ದಿನ ಮಾತ್ರ ನನಗೆ ನಿನ್ನ ಮೇಲೆ ಸಿಟ್ಟು ಇರುತ್ತೆ. ಅಷ್ಟರೊಳಗೆ ಬಯ್ದು ಮುಗಿಸ್ಬೇಕು. ಐವತ್ತು ವರ್ಷದ್ದು ಇದೆ, ಮೊದಲಿಂದ ಶುರು ಮಾಡ್ತೀನಿ."

ನಿಜವಾಗಿಯೂ ಮೊದಲಿನಿಂದ ಶುರು ಮಾಡಿದಳು. ಆರನೇ ವಯಸ್ಸಿನಲ್ಲಿ ನಾನು ಅವಳ ಬಳಪ ಕದ್ದು ಸುಳ್ಳು ಹೇಳಿದ್ದು. ಅವಳಿಗೆ ಸಿಡುಬು ಎದ್ದಾಗ ನಾನು ಕಿಟಕಿಯ ಹತ್ತಿರವೂ ಸುಳಿಯದೆ ಇದ್ದದ್ದು. ಅವಳ ಗಂಡ ಹೋದ ದಿನ, 'ನೀನೂ ಸ್ವಲ್ಪ ಬಾಯಿ ಕಡಿಮೆ ಮಾಡ್ಬೇಕಿತ್ತು' ಎಂದು ನಾನು ಅಂದದ್ದು. ಆ ಮಾತು ನಾನು ಆಡಿದ್ದೇ ನನಗೆ ಮರೆತಿತ್ತು. ಅವಳು ಹದಿನೆಂಟು ವರ್ಷ ಅದನ್ನು ಇಟ್ಟುಕೊಂಡು ನನ್ನ ಪಕ್ಕ ಕೂತು ಜರಡಿ ಹಿಡಿದಿದ್ದಳು. ನಾನು ದಿನವೂ ಹೋಗಿ ಬಯ್ಯಿಸಿಕೊಂಡು ಬರುತ್ತಿದ್ದೆ. ಮೂವತ್ತೊಂದನೇ ಪಾಳಿಯ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. "ಅದು ಕೊನೇಗೆ," ಅನ್ನುತ್ತಿದ್ದಳು.

ಅಷ್ಟರಲ್ಲಿ ಊರು ಮರೆಯತೊಡಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಹಾಲಮ್ಮನ ಕೊಡಕ್ಕೆ ಜಾಗ ಬಿಟ್ಟರು. ಸ್ನೇಹದಿಂದಲ್ಲ, ಪರ ಊರಿನವರಿಗೆ ಬಿಡುವ ಹಾಗೆ. ಕಿರಾಣಿ ಅಂಗಡಿಯವನು, ಅವಳನ್ನು ಹಾಲಕ್ಕ ಎಂದು ಕರೆಯುತ್ತಿದ್ದವನು, "ಏನು ಬೇಕಿತ್ತಮ್ಮಾ?" ಅಂದ. ನಾನು ಅವನ ಮೇಲೆ ಕೂಗಾಡಿದೆ. ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿ, "ಯಾರೋ ಬಂದವರಿಗೆ ನಾನು ಏನು ಅಂದೆ ಸಾವಂತ್ರಮ್ಮಾ?" ಅಂದ. ಎಲ್ಲರ ತಲೆಯಿಂದಲೂ ಅವಳು ಕಳಚಿಹೋಗುತ್ತಿದ್ದಳು. ನನ್ನ ತಲೆಯಿಂದ ಮಾತ್ರ ಹೋಗಲಿಲ್ಲ. ನಾನೂ ಇವತ್ತು ನಾಳೆ ಮರೆಯುತ್ತೇನೆ ಎಂದು ಹೆದರುತ್ತಿದ್ದೆ, ಒಂದೊಂದು ಸಲ ಮರೆತರೆ ಸಾಕು ಅನ್ನಿಸುತ್ತಿತ್ತು. ಬೆಳಗಾದರೆ ಎಲ್ಲವೂ ಇದ್ದ ಹಾಗೇ ಇರುತ್ತಿತ್ತು.

ಹತ್ತನೇ ದಿನ ಅವಳು ಬಯ್ಯುತ್ತ ಬಯ್ಯುತ್ತ ನಡುವೆ ನಿಂತಳು. "ನಿನ್ನ ಮದುವೇಲಿ ನನಗೆ..." ಅಂದಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಏನು ಮಾಡಿದ್ದೆ ನೀನು?"

"ಆರತಿಗೆ ನಿನ್ನನ್ನ ಕರೀದೆ ನನ್ನ ನಾದಿನೀನ ಕರೆದೆ. ನೀನು ಊಟ ಮಾಡದೆ ಹೋದೆ," ಅಂದೆ.

"ಹೌದು. ಅದೇ. ಥೂ ನಿನ್ನ," ಅಂದಳು. ಆದರೆ ಆ 'ಥೂ' ಮೊದಲಿನದಾಗಿರಲಿಲ್ಲ. ಮಾರನೇ ದಿನದಿಂದ ನಾನೇ ನನ್ನ ತಪ್ಪು ಒಂದೊಂದೇ ಹೇಳುವುದು, ಅವಳು ಕೇಳಿ ಬಯ್ಯುವುದು ಆಯಿತು. ನನಗೆ ನೆನಪಿದ್ದದ್ದನ್ನೆಲ್ಲ ಹೇಳಿದೆ, ನೆನಪಾಗದಿದ್ದಾಗ ಕಟ್ಟಿ ಹೇಳಿದೆ. ಬಯ್ಯುತ್ತ ಇರುವಷ್ಟು ಹೊತ್ತು ಅವಳು ಹಾಲಮ್ಮನಾಗಿರುತ್ತಾಳೆ ಅನ್ನುವುದೊಂದೇ ನನ್ನ ಆಸೆ. ಹದಿಮೂರನೇ ದಿನ ನಾನು ಸಿಡುಬಿನ ಮಾತನ್ನು ಎರಡನೇ ಸಲ ಹೇಳಿದಾಗ ಅವಳು ಬೆಳ್ಳುಳ್ಳಿ ಕೆಳಗಿಟ್ಟು, ಮರುಕದಿಂದ ನನ್ನ ಮುಖ ನೋಡಿದಳು.

"ಪಾಪ, ಚಿಕ್ಕವರಿದ್ದಿರಿ ನೀವು. ಅದನ್ನೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ತೀರಿ?"

ನೀವು. ಐವತ್ತು ವರ್ಷದಲ್ಲಿ ಅವಳು ನನ್ನನ್ನು ತಮಾಷೆಗೂ ಹಾಗೆ ಕರೆದವಳಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ತಲೆ ಕೊಟ್ಟು ನಿಂತೆ. ಅಲ್ಲೇ ಬಿದ್ದಿದ್ದ ಇದ್ದಿಲಿನಿಂದ ಗೋಡೆಯ ಮೇಲೆ 'ಹಾಲಮ್ಮ ಹೊಂಡದ ಬೀದಿ' ಎಂದು ದೊಡ್ಡದಾಗಿ ಬರೆದೆ. ಕೈ ಹಿಡಿದು ಎಳೆದು ತಂದು ತೋರಿಸಿದೆ. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. "ನನ್ನ ಹೆಸರಿನವರೇ ಯಾರೋ ಇದ್ದರು ಅನ್ಸುತ್ತೆ ಈ ಮನೇಲಿ," ಅಂದಳು.

ಹದಿನಾರನೇ ದಿನ ಬೆಳಿಗ್ಗೆ ಹೊಂಡದ ಬೀದಿಯವರು ಹೊರಟರು. ಮೂರು ಟ್ರ್ಯಾಕ್ಟರು ಬಂದಿದ್ದವು. ಅಳು ಇಲ್ಲ, ಗಲಾಟೆ ಇಲ್ಲ. ಛತ್ರದಲ್ಲಿ ತಂಗಿದ್ದವರು ಖಾಲಿ ಮಾಡುವ ಹಾಗೆ ಪಾತ್ರೆ, ಹಾಸಿಗೆ ಎತ್ತಿ ಇಡುತ್ತಿದ್ದರು. ಹಾಲಮ್ಮ ಎರಡನೇ ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಒಂದು ಟ್ರಂಕು, ಹೆಗಲ ಮೇಲೆ ಕಂಬಳಿ.

"ಎಲ್ಲಿಗೆ ಹೋಗ್ತೀಯ?" ಅಂದೆ.

"ನಮ್ಮ ಊರಿಗೆ. ಯಾವುದು ಅಂತ ಹುಡುಕ್ಬೇಕು. ಕೇಳ್ತಾ ಹೋದರೆ ಯಾರಾದರೂ ಹೇಳ್ತಾರೆ."

"ನಾನೂ ಬರ್ತೀನಿ ನಿನ್ನ ಜೊತೆ. ಎಲ್ಲಾದರೂ ಒಂದು ಭಟ್ಟಿ ಹಾಕೋಣ."

ಅವಳ ಮುಖದಲ್ಲಿ ಗಾಬರಿ ಬಂತು. ಗುರುತಿಲ್ಲದ ಹೆಂಗಸೊಬ್ಬಳು ಕೈ ಹಿಡಿದು ಹೀಗೆ ಅಂದರೆ ಯಾರಿಗಾದರೂ ಬರುವಂಥದೇ. "ಬೇಡಮ್ಮಾ. ನಿಮಗೆ ನಿಮ್ಮ ಮನೆ ಇದೆ, ಊರು ಇದೆ. ನಮ್ಮ ಹಣೆಬರಹ ನಿಮಗ್ಯಾಕೆ?" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡಳು.

ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅವಳ ಎರಡೂ ಕಾಲು ಹಿಡಿದೆ. "ಮೂವತ್ತೊಂದನೇ ಪಾಳೀದು ನೀನು ಬಯ್ಯಲೇ ಇಲ್ಲ. ಅದನ್ನ ಬಯ್ಯದೆ ಹೋಗ್ಬೇಡ. ಬಯ್ಯದಿದ್ದರೆ ಬೇಡ, ಕ್ಷಮಿಸ್ದೆ ಅಂತಾದರೂ ಅನ್ನು ಹಾಲೀ," ಅಂದೆ.

"ಅಯ್ಯೋ, ಏಳಿ, ಏಳಿ. ದೊಡ್ಡವರು ಹೀಗೆ ಕಾಲು ಹಿಡೀಬಾರದು," ಎಂದು ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಸೀರೆಯ ಮಣ್ಣು ಕೊಡವಿದಳು. "ನೀವು ನನಗೆ ಏನು ಮಾಡಿದ್ದೀರಿ? ಏನೂ ಇಲ್ಲ. ಈ ಊರಲ್ಲಿ ಇದ್ದಷ್ಟು ದಿನ ದಿನಾ ಬಂದು ಮಾತಾಡಿಸಿದವರು ನೀವೊಬ್ಬರೇ. ನಿಮ್ಮನ್ನ ಮರೆಯಲ್ಲ."

ಟ್ರ್ಯಾಕ್ಟರು ಹೊರಟವು. ಅವಳು ತಿರುಗಿ ನೋಡಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ನನ್ನ ಪಕ್ಕ ನಿಂತಿದ್ದ ಶಂಕ್ರಪ್ಪನವರು, "ಯಾರಮ್ಮ ಇವರೆಲ್ಲ? ಒಳ್ಳೆ ಮರ್ಯಾದಸ್ಥರು ಕಾಣ್ತಾರೆ," ಅಂದರು.

ಭಟ್ಟಿಯನ್ನು ನಾನು ಒಂದು ತಿಂಗಳು ನಡೆಸಿದೆ. ಸುರಿಯುವವಳೂ ನಾನೇ, ಎತ್ತುವವಳೂ ನಾನೇ, ಎಲ್ಲ ಕೆಂಪಗಾಗುತ್ತಿತ್ತು. ಬೆಂಕಿ ಆರಿಸಿದೆ. ಸಂತೆಯ ದಿನ ಸುತ್ತಲಿನ ಊರುಗಳಿಗೆ ಹೋಗಿ ಹುಡುಕಿದೆ. ಹೊಂಡದ ಬೀದಿಯವರು ಎಂದು ಕೇಳುವ ಹಾಗಿರಲಿಲ್ಲ, ಹಾಗೆಂದರೆ ಯಾರು ಎಂದು ಅವರಿಗೇ ಗೊತ್ತಿರಲಿಲ್ಲ. ಹಾಲಮ್ಮ ಅನ್ನುವ ಹೆಸರಿನವರು ಊರಿಗೆ ನಾಲ್ಕು ಜನ ಸಿಕ್ಕರು. ಒಬ್ಬಳೂ ಅವಳಲ್ಲ.

ಮರುವರ್ಷದ ಚೀಟಿ ಸುಣ್ಣದ ಬೀದಿಯ ಒಬ್ಬ ದರ್ಜಿಗೆ ಬಂತು. ಎಚ್ಚರದ ಮನುಷ್ಯ. ನಲವತ್ತು ಪಾಳಿಯೂ ನಿಂತ. ಐದು ಬೀದಿಯೂ ಉಳಿದವು. ಹೊಂಡದ ಬೀದಿಯವರು ಎದೆ ಕೊಟ್ಟು ದಿಡ್ಡಿ ಕಾಯ್ದರು ಎಂದು ಕಲ್ಲಿನ ಮೇಲೆ ಬಂತು. ಹಾಲಮ್ಮನ ಮನೆಗೆ ಬಂದು ಸೇರಿಕೊಂಡಿದ್ದ ಶಂಕ್ರಪ್ಪನವರ ಮೂರನೇ ಸೊಸೆ ಅದನ್ನು ಓದಿ ಕಣ್ಣೊರೆಸಿಕೊಂಡಳು. "ನಮ್ಮ ಹಿರಿಯರು ಅಂಥವರು, ಸಾವಂತ್ರಮ್ಮ," ಅಂದಳು. ಹೌದಮ್ಮಾ ಎಂದೆ. ಅವಳದೇನು ತಪ್ಪು.

ಆ ದಿನ ಮಧ್ಯಾಹ್ನ ಚಾವಡಿಗೆ ಹೋದೆ. ಮುರಿಗೆಪ್ಪನವರು ಗೇಮನ್ನು ಒರೆಸಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು.

"ಎಲ್ಲರಿಗೂ ಮರೆತಿದೆ. ನನಗೆ ಯಾಕೆ ಮರೆತಿಲ್ಲ?" ಅಂದೆ.

"ಆಡಿದವರಿಗೆ ತಾವು ಆಡಿದ್ದು ಮರೆಯಲ್ಲಮ್ಮ."

"ಇನ್ನೊಂದು ಸಲ ನನಗೇ ಕೊಡಿ. ಒಂದು ಹೆಜ್ಜೆನೂ ಹೊರಗಿಡಲ್ಲ."

"ಎರಡನೇ ಸಲ ಯಾರಿಗೂ ಇಲ್ಲ. ಕೊಟ್ಟರೂ ಹೋದವರು ಬರಲ್ಲ. ನಾನು ಎಲ್ಲಾ ನೋಡಿದ್ದೀನಿ. ಆಡಿದವರು ಮಾರನೇ ವರ್ಷ ಬಂದೇ ಬರ್ತಾರೆ. ಇದೇ ಮಾತು ಕೇಳ್ತಾರೆ, ಹೋಗ್ತಾರೆ."

ಹೋಗಲಿಲ್ಲ ನಾನು. ಎದುರಿನ ಚಾಪೆಯ ಮೇಲೆ ಕೂತೆ. ಅವರ ಕೈ ಪೆಟ್ಟಿಗೆಯ ಮುಚ್ಚಳದ ಮೇಲೇ ಇತ್ತು. ಹೆಬ್ಬೆರಳು ಬಟನ್ನು ಒತ್ತುವ ಹಾಗೆ ಅದರ ಮೇಲೆ ಆಡುತ್ತಿರುವುದನ್ನು ನೋಡಿದಾಗ ಹೊಳೆಯಿತು. "ನೀವೂ ಆಡಿದ್ದೀರಿ," ಅಂದೆ. "ನಿಮ್ಮದು ಯಾರು?"

ಅವರು ಮುಚ್ಚಳದ ಮೇಲಿಂದ ಕೈ ತೆಗೆದರು. "ಇಪ್ಪತ್ತೆಂಟು ವರ್ಷ ಆಯ್ತು. ಇದನ್ನ ಯಾರೂ ಕೇಳಿರಲಿಲ್ಲ," ಅಂದರು. "ತಿಪ್ಪಕ್ಕ ಅಂತ. ಕಂಬಳಿ ಬೀದಿಯವಳು. ನನ್ನ ಹೆಂಡತಿ. ಮದುವೆಯಾಗಿ ಎರಡು ವರ್ಷ ಆಗಿತ್ತು. ನೀನೂ ಬಂದಿದ್ದೆ ಮದುವೆಗೆ, ನಿನ್ನ ಗಂಡನ ಜೊತೆ. ಅವಳ ಪಕ್ಕ ನಿಂತು ಏನೋ ಹೇಳಿ ಅವಳನ್ನ ನಗಿಸಿದೆ."

ನಾನು ಕಣ್ಣು ಮುಚ್ಚಿ ಹುಡುಕಿದೆ. ಆ ವರ್ಷದ ಮದುವೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಚಪ್ಪರ, ವಾಲಗ, ಯಾವುದ್ಯಾವುದೋ ಮದುಮಗಳು. ತಿಪ್ಪಕ್ಕ ಇರಲಿಲ್ಲ. ಮುರಿಗೆಪ್ಪನವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದು ಹೇಳಬೇಕಾಗಲಿಲ್ಲ.

"ನಿನ್ನದು ಯಾರಮ್ಮ?" ಎಂದರು ಆಮೇಲೆ.

"ಹಾಲಮ್ಮ."

ಅವರು ತಲೆ ತಗ್ಗಿಸಿ, ಪ್ರಾಮಾಣಿಕವಾಗಿ ಯೋಚಿಸಿದರು. ಮೂವತ್ತೊಂದು ದಿನ ಅವಳು ಅವರ ಕೈಗೆಟುಕುವಷ್ಟು ಹತ್ತಿರ ಕೂತಿದ್ದಳು. ಅವರು ತಲೆಯೆತ್ತಿ, "ಹೇಗಿದ್ದಳು?" ಎಂದು ಕೇಳಿದರು. ನಾನು ಹೇಳಿದೆ. ಅವರೂ ತಿಪ್ಪಕ್ಕ ಹೇಗಿದ್ದಳು ಎಂದು ಹೇಳಿದರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಅಯ್ಯೋ ಪಾಪ ಅಂದೆವು, ಎಂದೂ ಕಂಡರಿಯದ ಯಾರದೋ ಸಾವಿನ ಸುದ್ದಿ ಕೇಳಿದವರ ಹಾಗೆ.